ಬೇರೆಡೆಯ ಗಣಕಯಂತ್ರದಲ್ಲಿ ತೆರೆದುಳಿದ ಖಾತೆಯಿಂದ ದೂರದಿಂದಲೇ ನಿರ್ಗಮಿಸುವ ವಿಧಾನ: ಅರ್ಜಿದಾರರಿಗೆ ಮಾಹಿತಿ

ಸರ್ಕಾರಿ ಸೇವೆಗಳಿಗಾಗಿ ಅಂತರ್ಜಾಲದ ಮೂಲಕ ಅರ್ಜಿ ಸಲ್ಲಿಸುವ ನಾಗರಿಕರಲ್ಲಿ ಅನೇಕರು ಸ್ವಂತ ಗಣಕಯಂತ್ರವನ್ನು ಹೊಂದಿರುವುದಿಲ್ಲ. ಹೊಸಪೇಟೆ, ಕಮಲಾಪುರ, ಸಂಡೂರು, ತೋರಣಗಲ್ಲು, ಕಂಪ್ಲಿ ಮೊದಲಾದ ಊರುಗಳ ಸೈಬರ್ ಸೆಂಟರ್‌ಗಳಲ್ಲಿ, ಜೆರಾಕ್ಸ್ ಅಂಗಡಿಗಳಲ್ಲಿ ಅಥವಾ ಪರಿಚಿತರ ಮನೆಗಳಲ್ಲಿ ಇರುವ ಗಣಕಯಂತ್ರಗಳನ್ನೇ ಅವರು ಅವಲಂಬಿಸಿರುತ್ತಾರೆ. ಅರ್ಜಿ ಸಲ್ಲಿಕೆಯಾಗಿ ಸ್ವೀಕೃತಿ ಪತ್ರ ಕೈಗೆ ಬಂದ ಕೂಡಲೇ ಎದ್ದು ಹೊರಡುವುದು ಸಹಜ. ಆದರೆ ಅರ್ಜಿದಾರರು ಬಸ್ಸು ಹತ್ತಿ ಊರು ಸೇರಿದ ಮೇಲೂ ಅವರ ಇ-ಮೇಲ್ ಅಥವಾ ವಾಟ್ಸ್‌ಆಪ್ ಆ ಅಂಗಡಿಯ ಗಣಕಯಂತ್ರದಲ್ಲಿ ತೆರೆದೇ ಉಳಿದಿರುವ ಸಂದರ್ಭಗಳುಂಟು. ಹೀಗೆ ತೆರೆದುಳಿದ ಖಾತೆಯನ್ನು ಮುಚ್ಚುವ ಸಲುವಾಗಿ ಮತ್ತೆ ಅದೇ ಅಂಗಡಿಗೆ ಹೋಗಬೇಕಾದ ಅಗತ್ಯವಿಲ್ಲ. ಕೈಯಲ್ಲಿರುವ ಮೊಬೈಲ್ ಮೂಲಕವೇ ಅದನ್ನು ಮುಚ್ಚಬಹುದಾಗಿದ್ದು, ಅದರ ವಿಧಾನವನ್ನೂ ಅದರಿಂದ ಆಗುವ ಮತ್ತು ಆಗದ ಕೆಲಸಗಳನ್ನೂ ಈ ಪುಟದಲ್ಲಿ ವಿವರಿಸಲಾಗಿದೆ.

ಇಲ್ಲಿ ‘ಖಾತೆ’ ಎಂಬ ಪದವನ್ನು ಅಂತರ್ಜಾಲದ ಖಾತೆ ಎಂಬ ಅರ್ಥದಲ್ಲಿ ಬಳಸಲಾಗಿದೆ. ನಗರಸಭೆ, ಪುರಸಭೆಗಳ ಆಸ್ತಿ ಖಾತೆಗೂ ಬ್ಯಾಂಕಿನ ಉಳಿತಾಯ ಖಾತೆಗೂ ಈ ಮಾಹಿತಿ ನೇರವಾಗಿ ಸಂಬಂಧಿಸಿದುದಲ್ಲ. ಆದರೆ ಅಂತರ್ಜಾಲದ ಖಾತೆಯೊಂದು ಪರರ ಕೈಗೆ ಸಿಕ್ಕಿದಲ್ಲಿ ಅದರ ಮೂಲಕ ಉಳಿದ ಖಾತೆಗಳ ವಿವರಗಳೂ ಸಿಗಬಹುದು ಎಂಬುದನ್ನು ಮುಂದೆ ಗಮನಿಸಬಹುದು.

ಖಾತೆ ತೆರೆದುಳಿಯುವುದು ಹೇಗೆ

ಪರದೆಯ ಮೇಲಿನ ಗುಣಾಕಾರ ಚಿಹ್ನೆಯನ್ನು ಒತ್ತಿ ಪುಟವನ್ನು ಮುಚ್ಚಿದರೆ ಖಾತೆಯೂ ಮುಚ್ಚಿತೆಂಬುದು ಸಾಮಾನ್ಯವಾದ ತಿಳಿವಳಿಕೆ. ವಸ್ತುಸ್ಥಿತಿ ಹಾಗಿಲ್ಲ. ಬಳಕೆದಾರರ ಹೆಸರು ಮತ್ತು ಗುಪ್ತಪದ, ಅಂದರೆ ಪಾಸ್‌ವರ್ಡ್, ನೀಡಿ ಖಾತೆಗೆ ಪ್ರವೇಶಿಸಿದಾಗ ಸಂಬಂಧಪಟ್ಟ ಜಾಲತಾಣವು ಆ ಗಣಕಯಂತ್ರಕ್ಕೆ ಒಂದು ಗುರುತು ಸಂಖ್ಯೆಯನ್ನು ನೀಡುತ್ತದೆ. ಈ ಸಂಖ್ಯೆಯನ್ನು ಹಿಡಿದಿಡುವ ಸಣ್ಣ ಕಡತಕ್ಕೆ ತಂತ್ರಜ್ಞರು ಕುಕಿ ಎನ್ನುತ್ತಾರೆ. ಆ ಸಂಖ್ಯೆ ಗಣಕಯಂತ್ರದ ಬ್ರೌಸರ್‌ನಲ್ಲಿಯೂ, ದೂರದಲ್ಲಿರುವ ಜಾಲತಾಣದ ದಾಖಲೆಯಲ್ಲಿಯೂ ಏಕಕಾಲಕ್ಕೆ ಇರುತ್ತದೆ. ಮುಂದಿನ ಬಾರಿ ಅದೇ ಯಂತ್ರದಿಂದ ಪುಟವನ್ನು ತೆರೆದಾಗ ಜಾಲತಾಣವು ಗುಪ್ತಪದವನ್ನು ಕೇಳದೆ ಸಂಖ್ಯೆಯನ್ನು ಮಾತ್ರ ತಾಳೆ ನೋಡುತ್ತದೆ. ಸರಿಹೊಂದಿದರೆ ಒಳಗೆ ಬಿಡುತ್ತದೆ. ಮುಂದೆ ಕುಳಿತಿರುವವರು ಯಾರೆಂಬುದು ಅದಕ್ಕೆ ತಿಳಿಯುವುದಿಲ್ಲ.

ಪುಟವನ್ನು ಮುಚ್ಚಿದರೂ ಯಂತ್ರವನ್ನೇ ಆರಿಸಿದರೂ ಇ-ಮೇಲ್‌ನಂತಹ ಖಾತೆಗಳಲ್ಲಿ ಈ ಸಂಖ್ಯೆ ಅಳಿದುಹೋಗುವುದಿಲ್ಲ. ‘ಲಾಗ್‌ಔಟ್’ ಅಥವಾ ‘ಸೈನ್‌ಔಟ್’ ಎಂಬ ಗುಂಡಿಯನ್ನು ಒತ್ತಿದಾಗ ಮಾತ್ರ ಎರಡೂ ಕಡೆಯ ದಾಖಲೆ ರದ್ದಾಗುತ್ತದೆ. ಆ ಗುಂಡಿಯನ್ನು ಒತ್ತದೆ ಹೋಗುವುದಕ್ಕೆ ಅರ್ಜಿದಾರರ ಮರೆವೊಂದೇ ಕಾರಣವಲ್ಲ. ಕೆಲಸದ ನಡುವೆ ವಿದ್ಯುತ್ ಕಡಿತವಾಗಿ ಪರದೆ ಕಪ್ಪಾದರೆ ಅರ್ಜಿದಾರರು ಮರುದಿನ ಬರುವುದಾಗಿ ಹೇಳಿ ಹೊರಡುತ್ತಾರೆ. ವಿದ್ಯುತ್ ಮರಳಿದ ಬಳಿಕ ಅಂಗಡಿಯವರು ಯಂತ್ರವನ್ನು ಚಾಲನೆ ಮಾಡಿ, ಹಿಂದೆ ತೆರೆದಿದ್ದ ಪುಟಗಳನ್ನು ಮತ್ತೆ ತೆರೆಯಬೇಕೇ ಎಂದು ಬ್ರೌಸರ್ ಕೇಳಿದ್ದಕ್ಕೆ ಒಪ್ಪಿಗೆ ಕೊಟ್ಟರೆ, ಅರ್ಜಿದಾರರ ಇ-ಮೇಲ್ ಇದ್ದ ಸ್ಥಿತಿಯಲ್ಲಿಯೇ ಮತ್ತೆ ತೆರೆದುಕೊಳ್ಳಬಹುದು. ಸರ್ವರ್ ತೊಂದರೆಯೂ ಇಂತಹುದೇ. 2023ರ ಜೂನ್ ತಿಂಗಳಿನಲ್ಲಿ ಗೃಹಜ್ಯೋತಿ ಯೋಜನೆಯ ನೋಂದಣಿ ಆರಂಭವಾದಾಗ ಸೇವಾಸಿಂಧು ಪೋರ್ಟಲ್ ಮೇಲೆ ಒತ್ತಡ ಹೆಚ್ಚಿ ನಾಗರಿಕರು ಗಂಟೆಗಟ್ಟಲೆ ಕಾಯಬೇಕಾಗಿ ಬಂದುದು ಹಲವರ ನೆನಪಿನಲ್ಲಿರಬಹುದು. ಕಾದು ಬೇಸತ್ತು ಎದ್ದುಹೋಗುವವರು ಲಾಗ್‌ಔಟ್ ಗುಂಡಿಯನ್ನು ಹುಡುಕುತ್ತಾ ಕೂರುವುದಿಲ್ಲ.

ದೂರದಿಂದ ನಿರ್ಗಮಿಸುವುದೆಂದರೆ, ಅಂಗಡಿಯ ಯಂತ್ರದಲ್ಲಿರುವ ಸಂಖ್ಯೆಯನ್ನು ಮುಟ್ಟದೆ, ಜಾಲತಾಣದ ದಾಖಲೆಯಲ್ಲಿರುವ ಅದರ ಜೋಡಿಯನ್ನು ಹೊಡೆದುಹಾಕಿಸುವುದು. ಬ್ಯಾಂಕ್ ವ್ಯವಹಾರ ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಸಹಿ ಮಾಡಿದ ಚೆಕ್ ಹಾಳೆಯೊಂದು ಬೇರೊಬ್ಬರ ಕೈ ಸೇರಿದಾಗ ನಾವು ಆ ಹಾಳೆಯನ್ನು ಹುಡುಕಿಕೊಂಡು ಹೋಗುವುದಿಲ್ಲ, ಪಾವತಿ ತಡೆಯುವಂತೆ ಬ್ಯಾಂಕಿಗೆ ಸೂಚನೆ ಕೊಡುತ್ತೇವೆ. ಹಾಳೆ ಅವರ ಬಳಿಯಲ್ಲಿಯೇ ಇರುತ್ತದೆ, ಆದರೆ ಬ್ಯಾಂಕಿನ ಕಿಟಕಿಯಲ್ಲಿ ಅದಕ್ಕೆ ಬೆಲೆ ಇರುವುದಿಲ್ಲ.

ಸ್ಥಳೀಯ ಸಂದರ್ಭ

ಈ ಭಾಗದ ಅರ್ಜಿದಾರರಿಗೆ ದೂರದ ಪ್ರಶ್ನೆ ಮುಖ್ಯವಾದುದು. ವಿಜಯನಗರ ಜಿಲ್ಲೆಯು 2021ರಲ್ಲಿ ರಾಜ್ಯದ 31ನೇ ಜಿಲ್ಲೆಯಾಗಿ ರಚನೆಯಾದಾಗ ಹೊಸಪೇಟೆ ಅದರ ಕೇಂದ್ರವಾಯಿತು. ಹಂಪಿ ಹೊಸಪೇಟೆ ತಾಲ್ಲೂಕಿನಲ್ಲಿದೆ. ಸಂಡೂರು ಮತ್ತು ಕಂಪ್ಲಿ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದವು. ಜಿಲ್ಲೆ ಬೇರೆಯಾದರೂ ವ್ಯಾಪಾರ, ಆಸ್ಪತ್ರೆ, ಕಾಲೇಜುಗಳ ಕಾರಣದಿಂದ ಸಂಡೂರು ಮತ್ತು ಕಂಪ್ಲಿಯ ಜನರು ಹೊಸಪೇಟೆಗೆ ಬರುವುದು ನಿಂತಿಲ್ಲ, ಬಂದಾಗ ಅರ್ಜಿಯ ಕೆಲಸವನ್ನೂ ಮುಗಿಸಿಕೊಂಡು ಹೋಗುತ್ತಾರೆ. ಎರಡೂ ಊರುಗಳು ಹೊಸಪೇಟೆಯಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿವೆ. ಖಾತೆ ತೆರೆದು ಬಂದೆನೆಂದು ರಾತ್ರಿ ನೆನಪಾದರೆ ಬೆಳಿಗ್ಗೆ ಅಂಗಡಿ ತೆರೆಯುವವರೆಗೆ ಏನೂ ಮಾಡಲಾಗದೆಂದು ಸುಮ್ಮನಾಗುವವರೇ ಹೆಚ್ಚು.

ಕಂಪ್ಲಿಯ ವಿಷಯದಲ್ಲಿ ಇನ್ನೊಂದು ತೊಡಕಿದೆ. ನದಿಯಾಚೆಯ ಗಂಗಾವತಿ ಕಡೆಯವರು ಕಂಪ್ಲಿಗೆ, ಕಂಪ್ಲಿಯವರು ಆ ಕಡೆಗೆ ಹೋಗಿಬರುವುದು ವಾಡಿಕೆ. ತುಂಗಭದ್ರಾ ಜಲಾಶಯದಿಂದ ಹೆಚ್ಚಿನ ಪ್ರಮಾಣದಲ್ಲಿ ನೀರು ಬಿಟ್ಟ ದಿನಗಳಲ್ಲಿ ಕಂಪ್ಲಿ ಸೇತುವೆ ಮುಳುಗಡೆಯಾಗಿ ಸಂಚಾರ ನಿಲ್ಲುತ್ತದೆ. ಆಗ ಅಂಗಡಿ ಕಣ್ಣಳತೆಯಲ್ಲಿದ್ದರೂ ತಲುಪಲಾಗದು. ಹಂಪಿಗೆ ಬರುವ ಪ್ರವಾಸಿಗರದು ಬೇರೆ ಬಗೆ: ಟಿಕೆಟ್ ಮುದ್ರಿಸಿಕೊಳ್ಳಲು ಅಂಗಡಿಯೊಂದರಲ್ಲಿ ಇ-ಮೇಲ್ ತೆರೆದು, ನೆನಪಾಗುವ ಹೊತ್ತಿಗೆ ಅವರು ಬಾದಾಮಿಯನ್ನೋ ಗೋವಾವನ್ನೋ ತಲುಪಿರುತ್ತಾರೆ. ಅವರಿಗೂ ಇಲ್ಲಿ ಹೇಳಿರುವ ವಿಧಾನವೇ ಅನ್ವಯಿಸುತ್ತದೆ.

ಗ್ರಾಮ ಒನ್, ಕರ್ನಾಟಕ ಒನ್ ಕೇಂದ್ರಗಳಲ್ಲಿ ಅರ್ಜಿ ಸಲ್ಲಿಸುವಾಗ ಸಾಮಾನ್ಯವಾಗಿ ಕೇಂದ್ರದ ನಿರ್ವಾಹಕರು ತಮ್ಮದೇ ಲಾಗಿನ್ ಬಳಸುತ್ತಾರೆ. ಅರ್ಜಿದಾರರ ಸ್ವಂತ ಖಾತೆಯನ್ನು ತೆರೆಯುವ ಪ್ರಸಂಗ ಅಲ್ಲಿ ಕಡಿಮೆ. ಆದರೆ ದಾಖಲೆಗಳನ್ನು ಮೊಬೈಲ್‌ನಿಂದ ಗಣಕಯಂತ್ರಕ್ಕೆ ವರ್ಗಾಯಿಸುವ ಹಂತ ಎಲ್ಲೆಡೆಯೂ ಇದ್ದು, ಅದಕ್ಕಾಗಿ ಬಹಳಷ್ಟು ಕಡೆ ಬಳಕೆಯಾಗುವುದು ವಾಟ್ಸ್‌ಆಪ್. ಆದ್ದರಿಂದ ಅದನ್ನೇ ಮೊದಲು ವಿವರಿಸಲಾಗಿದೆ.

ವಾಟ್ಸ್‌ಆಪ್

ಗಣಕಯಂತ್ರದಲ್ಲಿ ವಾಟ್ಸ್‌ಆಪ್ ತೆರೆಯುವ ಸೌಲಭ್ಯ 2015ರ ಜನವರಿಯಲ್ಲಿ ಬಂದಿತು. ಪರದೆಯ ಮೇಲಿನ ಚೌಕಾಕಾರದ ಸಂಕೇತವನ್ನು ಮೊಬೈಲ್‌ನಿಂದ ಸ್ಕ್ಯಾನ್ ಮಾಡಿದರೆ ಸಂದೇಶಗಳು ಆ ಯಂತ್ರದಲ್ಲಿಯೂ ಕಾಣತೊಡಗುತ್ತವೆ. ಆರಂಭದ ವರ್ಷಗಳಲ್ಲಿ ಮೊಬೈಲ್‌ನ ಅಂತರ್ಜಾಲ ಸಂಪರ್ಕ ತಪ್ಪಿದರೆ ಗಣಕಯಂತ್ರದಲ್ಲಿಯೂ ವಾಟ್ಸ್‌ಆಪ್ ನಿಂತುಹೋಗುತ್ತಿತ್ತು. ಆ ಕಾಲದ ರೂಢಿಯಿಂದಾಗಿ, ಮೊಬೈಲ್ ಮನೆಗೆ ಬಂದಿತೆಂದರೆ ಅಲ್ಲಿ ಎಲ್ಲವೂ ಮುಚ್ಚಿತೆಂದು ಈಗಲೂ ಹಲವರು ನಂಬಿದ್ದಾರೆ. 2021ರಿಂದ ಬಂದ ಬದಲಾವಣೆಯ ಬಳಿಕ ಹಾಗಿಲ್ಲ. ಒಮ್ಮೆ ಜೋಡಿಸಿದ ಗಣಕಯಂತ್ರವು ಮೊಬೈಲ್‌ನ ಹಂಗಿಲ್ಲದೆ ಕೆಲಸ ಮಾಡುತ್ತದೆ. ಮೊಬೈಲ್ ಆರಿಸಿಟ್ಟಿದ್ದರೂ ಹೊಸ ಸಂದೇಶಗಳು ಅಲ್ಲಿಗೆ ತಲುಪುತ್ತವೆ. ಮೊಬೈಲ್‌ನಲ್ಲಿ ವಾಟ್ಸ್‌ಆಪ್ ಅನ್ನು 14 ದಿನಗಳಿಗಿಂತ ಹೆಚ್ಚು ಕಾಲ ಬಳಸದೇ ಇದ್ದರೆ ಮಾತ್ರ ಜೋಡಣೆ ತಾನಾಗಿ ಕಡಿಯುತ್ತದೆ. ಪ್ರತಿದಿನ ವಾಟ್ಸ್‌ಆಪ್ ನೋಡುವವರ ಪಾಲಿಗೆ ಆ ಅವಧಿ ಎಂದಿಗೂ ಬರುವುದಿಲ್ಲ.

ಆಧಾರ್ ಪ್ರತಿಯನ್ನೋ ಅಂಕಪಟ್ಟಿಯನ್ನೋ ಮುದ್ರಿಸಲು ಐದು ನಿಮಿಷಕ್ಕೆಂದು ಜೋಡಿಸಿದ ವಾಟ್ಸ್‌ಆಪ್ ಮೂಲಕ ಕುಟುಂಬದ ಮಾತುಕತೆ, ಮಕ್ಕಳ ಭಾವಚಿತ್ರ, ಬ್ಯಾಂಕ್ ಪಾಸ್‌ಬುಕ್ಕಿನ ಚಿತ್ರ ಎಲ್ಲವೂ ಅಂಗಡಿಯ ಪರದೆಯ ಮೇಲೆ ವಾರಗಟ್ಟಲೆ ಇರಬಹುದು. ಅರ್ಜಿದಾರರ ಹೆಸರಿನಲ್ಲಿ ಅವರ ಬಂಧುಗಳಿಗೆ ಸಂದೇಶ ಕಳುಹಿಸಿ ಹಣ ಕೇಳುವುದಕ್ಕೂ ಅಲ್ಲಿಂದ ಸಾಧ್ಯ. ಸಂದೇಶ ನಿಜವಾದ ಸಂಖ್ಯೆಯಿಂದಲೇ ಬರುವುದರಿಂದ ನಂಬದಿರಲು ಬಂಧುಗಳಿಗೆ ಕಾರಣವೇ ಇರುವುದಿಲ್ಲ.

ನಿರ್ಗಮಿಸುವ ಕ್ರಮ ಹೀಗಿದೆ. ಆಂಡ್ರಾಯ್ಡ್ ಮೊಬೈಲ್‌ನಲ್ಲಿ ವಾಟ್ಸ್‌ಆಪ್ ತೆರೆದು, ಮೇಲ್ತುದಿಯ ಬಲಭಾಗದಲ್ಲಿರುವ ಮೂರು ಚುಕ್ಕೆಗಳನ್ನು ಒತ್ತಿ, ‘ಲಿಂಕ್ಡ್ ಡಿವೈಸಸ್’ ಎಂಬುದನ್ನು ಆಯ್ಕೆ ಮಾಡಬೇಕು. ಐಫೋನ್‌ನಲ್ಲಿ ಇದು ‘ಸೆಟ್ಟಿಂಗ್ಸ್’ ವಿಭಾಗದಲ್ಲಿರುತ್ತದೆ. ಜೋಡಣೆಯಾಗಿರುವ ಯಂತ್ರಗಳ ಪಟ್ಟಿಯೂ, ಪ್ರತಿಯೊಂದೂ ಕೊನೆಯದಾಗಿ ಸಕ್ರಿಯವಾಗಿದ್ದ ವೇಳೆಯೂ ಅಲ್ಲಿ ಕಾಣುತ್ತವೆ. ಮೊಬೈಲ್ ಅಲ್ಲದೆ ನಾಲ್ಕು ಯಂತ್ರಗಳವರೆಗೆ ಜೋಡಣೆಗೆ ಅವಕಾಶವಿರುವುದರಿಂದ ಎಂದೋ ಹೋಗಿದ್ದ ಬೇರೊಂದು ಅಂಗಡಿಯ ಯಂತ್ರವೂ ಆ ಪಟ್ಟಿಯಲ್ಲಿರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ತಮ್ಮದಲ್ಲದ ಪ್ರತಿ ಯಂತ್ರದ ಹೆಸರನ್ನು ಮುಟ್ಟಿ ‘ಲಾಗ್‌ಔಟ್’ ಒತ್ತಬೇಕು. ಈ ಪಟ್ಟಿಯನ್ನು ಇದೇ ಈಗ ಒಮ್ಮೆ ತೆರೆದು ನೋಡುವುದು ಒಳಿತು.

ಗೂಗಲ್ ಖಾತೆ ಮತ್ತು ಜಿಮೇಲ್

ಅರ್ಜಿದಾರರ ಖಾತೆಗಳ ಪೈಕಿ ಅತ್ಯಂತ ಹೆಚ್ಚಿನ ಎಚ್ಚರ ಬೇಕಾದುದು ಇ-ಮೇಲ್. ಇತರ ಜಾಲತಾಣಗಳ ಗುಪ್ತಪದ ಮರೆತುಹೋದಾಗ ಹೊಸದನ್ನು ಪಡೆಯುವ ಕೊಂಡಿ ಇ-ಮೇಲ್‌ಗೇ ಬರುವುದರಿಂದ, ತೆರೆದ ಇ-ಮೇಲ್ ಇರುವವರು ಉಳಿದ ಹಲವು ಬಾಗಿಲುಗಳನ್ನು ತೆರೆಯಬಲ್ಲರು. ವಿದ್ಯಾರ್ಥಿವೇತನದ ಅರ್ಜಿ, ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪ್ರವೇಶ ಪರೀಕ್ಷೆಯ ಅರ್ಜಿ, ಉದ್ಯೋಗದ ಅರ್ಜಿ ಮುಂತಾದುವುಗಳಲ್ಲಿ ನಮೂದಿಸಿದ ಇ-ಮೇಲ್ ಅದೇ ಆಗಿರುತ್ತದೆ. ಪ್ರವೇಶ ಪರೀಕ್ಷೆಯ ಬಳಿಕ ಕಾಲೇಜು ಆಯ್ಕೆಯ ದಿನಗಳಲ್ಲಿ ಇಂತಹ ಖಾತೆ ಬೇರೆಯವರ ಎದುರು ತೆರೆದಿರುವುದು ವಿದ್ಯಾರ್ಥಿಯ ಒಂದು ವರ್ಷವನ್ನೇ ಪಣಕ್ಕಿಟ್ಟಂತೆ.

ಜಿಮೇಲ್‌ನಲ್ಲಿ ದೂರದಿಂದ ನಿರ್ಗಮಿಸುವ ಸೌಲಭ್ಯ 2008ರ ಜುಲೈಯಿಂದಲೂ ಇದೆ. ಗಣಕಯಂತ್ರದಲ್ಲಿ ಜಿಮೇಲ್ ತೆರೆದಾಗ ಪುಟದ ಕೆಳತುದಿಯ ಬಲಭಾಗದಲ್ಲಿ, ಕೊನೆಯ ಚಟುವಟಿಕೆಯ ವೇಳೆಯ ಜೊತೆಗೆ ‘ಡೀಟೇಲ್ಸ್’ ಎಂಬ ಸಣ್ಣ ಅಕ್ಷರಗಳು ಕಾಣುತ್ತವೆ. ಅದನ್ನು ಒತ್ತಿದರೆ ಖಾತೆಯನ್ನು ಇತ್ತೀಚೆಗೆ ಎಲ್ಲೆಲ್ಲಿಂದ ತೆರೆಯಲಾಗಿದೆ ಎಂಬ ವಿವರವೂ, ಇತರ ಎಲ್ಲ ಕಡೆಗಳಿಂದ ಒಮ್ಮೆಲೇ ನಿರ್ಗಮಿಸುವ ಗುಂಡಿಯೂ ದೊರೆಯುತ್ತವೆ. ಹದಿನೈದು ವರ್ಷಗಳಿಗೂ ಹೆಚ್ಚು ಕಾಲದಿಂದ ಅಲ್ಲಿಯೇ ಇದ್ದರೂ ಅಷ್ಟು ಸಣ್ಣ ಅಕ್ಷರಗಳಲ್ಲಿರುವುದರಿಂದ ಅದನ್ನು ಕಂಡವರು ವಿರಳ. ಇದು ಗಣಕಯಂತ್ರದ ಪುಟದಲ್ಲಿ ಮಾತ್ರ ಲಭ್ಯವಿದ್ದು, ಮೊಬೈಲ್‌ನ ಜಿಮೇಲ್ ಆಪ್‌ನಲ್ಲಿ ಇರುವುದಿಲ್ಲ.

ಮೊಬೈಲ್ ಮಾತ್ರ ಇರುವವರು ಗೂಗಲ್ ಖಾತೆಯ ಮೂಲಕ ಹೋಗಬೇಕು. ಆಂಡ್ರಾಯ್ಡ್ ಮೊಬೈಲ್‌ನ ‘ಸೆಟ್ಟಿಂಗ್ಸ್’ ತೆರೆದು, ‘ಗೂಗಲ್’ ಎಂಬುದನ್ನು ಆಯ್ದು, ಖಾತೆಯನ್ನು ನಿರ್ವಹಿಸುವ ಪುಟಕ್ಕೆ ಹೋಗಿ, ಅಲ್ಲಿ ‘ಸೆಕ್ಯುರಿಟಿ’ ವಿಭಾಗವನ್ನು ತೆರೆದರೆ ‘ಯುವರ್ ಡಿವೈಸಸ್’ ಎಂಬ ಭಾಗ ಸಿಗುತ್ತದೆ. ಎಲ್ಲ ಸಾಧನಗಳನ್ನು ನಿರ್ವಹಿಸುವ ಕೊಂಡಿಯನ್ನು ಒತ್ತಿದಾಗ ಈಗ ಪ್ರವೇಶವಿರುವ ಮತ್ತು ಕಳೆದ ಕೆಲವು ವಾರಗಳಲ್ಲಿ ಪ್ರವೇಶವಿದ್ದ ಸಾಧನಗಳ ಪಟ್ಟಿ ಬರುತ್ತದೆ. ಬೇಡವಾದುದನ್ನು ಮುಟ್ಟಿ ‘ಸೈನ್‌ಔಟ್’ ಒತ್ತಿ, ಮತ್ತೊಮ್ಮೆ ಖಚಿತಪಡಿಸಬೇಕು. ಒಂದೇ ಯಂತ್ರದ ಹೆಸರು ಎರಡು ಮೂರು ಬಾರಿ ಕಾಣಿಸಿದರೆ ಗಾಬರಿಯಾಗಬೇಕಿಲ್ಲ. ಬೇರೆ ಬೇರೆ ಸಲ ಪ್ರವೇಶಿಸಿದ್ದು ಬೇರೆ ಬೇರೆಯಾಗಿ ದಾಖಲಾಗಿರುತ್ತದೆ. ಪ್ರತಿಯೊಂದರಿಂದಲೂ ನಿರ್ಗಮಿಸುವುದು ಅವಶ್ಯ.

ಈ ಪಟ್ಟಿಯನ್ನು ಓದುವಾಗ ಊರಿನ ಹೆಸರನ್ನು ಅತಿಯಾಗಿ ನಂಬಬಾರದು. ಅಂತರ್ಜಾಲ ಸೇವೆ ಒದಗಿಸುವ ಸಂಸ್ಥೆಯ ಸಂಪರ್ಕದ ವಿಳಾಸವನ್ನು ಆಧರಿಸಿ ಊರನ್ನು ಅಂದಾಜು ಮಾಡಲಾಗುವುದರಿಂದ, ಹೊಸಪೇಟೆಯ ಅಂಗಡಿಯ ಯಂತ್ರವು ಬೆಂಗಳೂರಿನಲ್ಲಿದೆ ಎಂದೋ ಹೈದರಾಬಾದಿನಲ್ಲಿದೆ ಎಂದೋ ತೋರಿಸಬಹುದು. ಬೆಂಗಳೂರಿನ ಹೆಸರು ಕಂಡ ಮಾತ್ರಕ್ಕೆ ಯಾರೋ ಅಲ್ಲಿಂದ ಖಾತೆಗೆ ಕನ್ನ ಹಾಕಿದರೆಂದು ಭಾವಿಸುವುದೂ, ಹೊಸಪೇಟೆಯ ಹೆಸರು ಕಾಣಲಿಲ್ಲವೆಂದು ನಿಶ್ಚಿಂತರಾಗುವುದೂ ಸರಿಯಲ್ಲ. ದಿನಾಂಕ, ವೇಳೆ ಮತ್ತು ಯಂತ್ರದ ಬಗೆಯನ್ನು ನೋಡಿ ತೀರ್ಮಾನಿಸಬೇಕು. ಅರ್ಜಿದಾರರ ಬಳಿ ಮೊಬೈಲ್ ಒಂದೇ ಇದ್ದು, ಪಟ್ಟಿಯಲ್ಲಿ ‘ವಿಂಡೋಸ್’ ಎಂದು ಕಂಡರೆ ಅದು ಬೇರೆಯವರ ಗಣಕಯಂತ್ರವೆಂಬುದು ಸ್ಪಷ್ಟ.

ನಿರ್ಗಮಿಸಿದ ಬಳಿಕ ಗುಪ್ತಪದವನ್ನು ಬದಲಾಯಿಸಬೇಕು. ಇದನ್ನು ಐಚ್ಛಿಕವೆಂದು ತಿಳಿಯಬಾರದು. ಗುಪ್ತಪದವನ್ನು ಉಳಿಸಿಕೊಳ್ಳಲೇ ಎಂದು ಬ್ರೌಸರ್ ಕೇಳಿದಾಗ ಯಾರಾದರೂ ಒಪ್ಪಿಗೆ ನೀಡಿದ್ದರೆ ಅದು ಆ ಯಂತ್ರದಲ್ಲಿ ಉಳಿದಿರುತ್ತದೆ. ದೂರದಿಂದ ನಿರ್ಗಮಿಸಿದರೂ ಉಳಿಸಿಟ್ಟ ಗುಪ್ತಪದ ಅಳಿಯುವುದಿಲ್ಲ, ಅದನ್ನು ಬಳಸಿ ಮತ್ತೆ ಪ್ರವೇಶಿಸಬಹುದು. ಅರ್ಜಿದಾರರು ಬ್ರೌಸರ್‌ಗೇ ತಮ್ಮ ಗೂಗಲ್ ಖಾತೆಯನ್ನು ಜೋಡಿಸಿದ್ದರೆ ಬೇರೆ ಜಾಲತಾಣಗಳ ಗುಪ್ತಪದಗಳೂ ಅಲ್ಲಿಗೆ ನಕಲಾಗಿರುವ ಸಾಧ್ಯತೆ ಇದೆ. ಅಂತಹ ಸಂದರ್ಭದಲ್ಲಿ ಮುಖ್ಯವಾದ ಎಲ್ಲ ಗುಪ್ತಪದಗಳನ್ನೂ ಬದಲಿಸುವುದು ಸೂಕ್ತ. ಗೂಗಲ್ ಖಾತೆಯಲ್ಲಿ ಗುಪ್ತಪದ ಬದಲಿಸಿದರೆ, ಕೆಲವು ಅಪವಾದಗಳನ್ನು ಬಿಟ್ಟು, ಇತರ ಸಾಧನಗಳಿಂದ ನಿರ್ಗಮನವೂ ತಾನಾಗಿ ಆಗುತ್ತದೆ. ಆದರೂ ಪಟ್ಟಿಯನ್ನು ಕಣ್ಣಾರೆ ಕಂಡು ಖಚಿತಪಡಿಸಿಕೊಳ್ಳುವುದು ವಿಹಿತ.

ಇತರ ಖಾತೆಗಳು

ಫೇಸ್‌ಬುಕ್‌ನಲ್ಲಿ ‘ಸೆಟ್ಟಿಂಗ್ಸ್’ ಮೂಲಕ ‘ಅಕೌಂಟ್ಸ್ ಸೆಂಟರ್’ಗೆ ಹೋಗಿ ಗುಪ್ತಪದ ಮತ್ತು ಭದ್ರತೆಯ ವಿಭಾಗವನ್ನು ತೆರೆದರೆ ಪ್ರವೇಶವಿರುವ ಯಂತ್ರಗಳ ಪಟ್ಟಿ ಸಿಗುತ್ತದೆ. ಮೈಕ್ರೋಸಾಫ್ಟ್ ಖಾತೆಯಲ್ಲಿ ಎಲ್ಲ ಕಡೆಯಿಂದ ನಿರ್ಗಮಿಸುವ ಆಯ್ಕೆ ಇದ್ದು, ಅದು ಜಾರಿಯಾಗಲು 24 ಗಂಟೆಗಳವರೆಗೆ ಹಿಡಿಯಬಹುದಾದುದರಿಂದ ಗುಪ್ತಪದವನ್ನು ತಕ್ಷಣವೇ ಬದಲಿಸಬೇಕು.

ಸರ್ಕಾರಿ ಪೋರ್ಟಲ್‌ಗಳು

ಸರ್ಕಾರದ ಸೇವೆಗಳನ್ನು ನೀಡುವ ಪೋರ್ಟಲ್‌ಗಳ ಸ್ವಭಾವ ಸ್ವಲ್ಪ ಬೇರೆ. ಇವುಗಳಲ್ಲಿ ಸಾಮಾನ್ಯವಾಗಿ ಕೆಲವು ನಿಮಿಷ ಯಾವ ಚಟುವಟಿಕೆಯೂ ನಡೆಯದಿದ್ದರೆ ಪ್ರವೇಶದ ಅವಧಿ ತಾನಾಗಿ ಮುಗಿದು, ‘ಸೆಷನ್ ಎಕ್ಸ್‌ಪೈರ್ಡ್’ ಎಂಬ ಸಂದೇಶ ಬರುತ್ತದೆ. ಅರ್ಜಿ ತುಂಬುತ್ತಿರುವಾಗ ಎದುರಾಗಿ ಮೊದಲಿನಿಂದ ತುಂಬಿಸುವ ಈ ಸಂದೇಶದ ಮೇಲೆ ನಾಗರಿಕರಿಗೆ ಸಿಟ್ಟಿರುವುದು ತಿಳಿದ ಸಂಗತಿ. ಆದರೆ ಎದ್ದುಹೋದ ಅರ್ಜಿದಾರರ ಹಿಂದೆ ಬಾಗಿಲು ಮುಚ್ಚುವುದೂ ಅದೇ ಏರ್ಪಾಟು.

ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರಗಳ ಪೋರ್ಟಲ್‌ನಂತೆ ಮೊಬೈಲ್‌ಗೆ ಬರುವ ಒಂದು ಬಾರಿಯ ಸಂಕೇತ, ಅಂದರೆ ಓಟಿಪಿ, ನೀಡಿ ಪ್ರವೇಶಿಸುವ ಕಡೆಗಳಲ್ಲಿ ಬದಲಿಸಲು ಗುಪ್ತಪದವೇ ಇರುವುದಿಲ್ಲ. ಅವಧಿ ಮುಗಿದ ಮೇಲೆ ಹೊಸ ಓಟಿಪಿ ಇಲ್ಲದೆ ಯಾರೂ ಒಳಗೆ ಹೋಗಲಾಗದು. ಆದ್ದರಿಂದ ಅಂಗಡಿಯಿಂದ ಹೊರಟ ಮೇಲೆ ಅನಿರೀಕ್ಷಿತವಾಗಿ ಓಟಿಪಿ ಬಂದರೆ, ದೂರವಾಣಿಯಲ್ಲಿ ಯಾರೇ ಕೇಳಿದರೂ ಅದನ್ನು ಹೇಳಬಾರದು. ಅರ್ಜಿಯಲ್ಲಿ ಏನೋ ಬಾಕಿ ಇದೆ, ಸಂಖ್ಯೆ ಹೇಳಿ ಎಂದು ಕರೆ ಬಂದರೆ ಖುದ್ದಾಗಿ ಬರುವುದಾಗಿ ತಿಳಿಸುವುದೇ ಯುಕ್ತವಾದ ಉತ್ತರ.

ಆದಾಯ ತೆರಿಗೆಯ ಇ-ಫೈಲಿಂಗ್ ಪೋರ್ಟಲ್‌ನಲ್ಲಿ ದೂರದಿಂದ ನಿರ್ಗಮಿಸುವ ಕೆಲಸ ಬಹು ಸರಳ. ಖಾತೆಯು ಒಂದು ಕಡೆ ತೆರೆದಿರುವಾಗ ಇನ್ನೊಂದು ಕಡೆಯಿಂದ ಪ್ರವೇಶಿಸಿದರೆ, ಈಗಾಗಲೇ ಬೇರೆಡೆ ಪ್ರವೇಶವಿದೆ ಎಂದು ಪೋರ್ಟಲ್ ಎಚ್ಚರಿಸಿ, ಇಲ್ಲಿಯೇ ಪ್ರವೇಶಿಸುವಿರಾ ಎಂದು ಕೇಳುತ್ತದೆ. ಒಪ್ಪಿದರೆ ಹಿಂದಿನದು ಮುಚ್ಚುತ್ತದೆ. ಎಲ್ಲ ಪೋರ್ಟಲ್‌ಗಳಲ್ಲಿಯೂ ಇಂತಹ ಏರ್ಪಾಟು ಇದ್ದಿದ್ದರೆ ಈ ಪುಟದ ಅರ್ಧ ಭಾಗ ಬರೆಯಬೇಕಾಗಿರಲಿಲ್ಲ.

ತೋರಣಗಲ್ಲು ಮತ್ತು ಸಂಡೂರು ಭಾಗದ ಕೈಗಾರಿಕೆ, ಗಣಿಗಳ ಕಾರ್ಮಿಕರಲ್ಲಿ ಅನೇಕರು ಭವಿಷ್ಯನಿಧಿಯ ಹಣ ಪಡೆಯಲು ಅಂಗಡಿಗಳ ನೆರವಿನಿಂದ ತಮ್ಮ ಯುಎಎನ್ ಖಾತೆಯನ್ನು ತೆರೆಸುತ್ತಾರೆ. ಸೇವಾಸಿಂಧು ಖಾತೆಗೂ ವಿದ್ಯಾರ್ಥಿವೇತನದ ಖಾತೆಗೂ ಹೀಗೆಯೇ ಗುಪ್ತಪದಗಳಿರುತ್ತವೆ. ಅಂಗಡಿಯವರು ಹಲವು ಜನರಿಗೆ ಒಂದೇ ಮಾದರಿಯ ಗುಪ್ತಪದ ಇಟ್ಟುಕೊಡುವ ರೂಢಿಯೂ ಉಂಟು. ಹೆಸರಿನ ಮೊದಲ ಅಕ್ಷರಗಳು, ಒಂದು ಚಿಹ್ನೆ, 123. ಕೆಟ್ಟ ಉದ್ದೇಶದಿಂದ ಅಲ್ಲ, ಮುಂದಿನ ಸಲ ಅರ್ಜಿದಾರರು ಮರೆತು ಬಂದಾಗ ಉಪಯೋಗಕ್ಕೆಂದು ಹಾಗೆ ಮಾಡುತ್ತಾರೆ. ಆದರೆ ನೆರೆಯವರ ಗುಪ್ತಪದ ಗೊತ್ತಿರುವವರಿಗೆ ತಮ್ಮದೂ ಗೊತ್ತಾದಂತೆಯೇ. ಮನೆಗೆ ಹೋದ ಮೇಲೆ, ಗುಪ್ತಪದ ಮರೆತವರಿಗಾಗಿ ಇರುವ ಕೊಂಡಿಯ ಮೂಲಕ, ತಮ್ಮ ಮೊಬೈಲ್‌ಗೆ ಬರುವ ಓಟಿಪಿ ಬಳಸಿ ಹೊಸ ಗುಪ್ತಪದವನ್ನು ಇಟ್ಟುಕೊಳ್ಳತಕ್ಕದ್ದು.

ಡಿಜಿಲಾಕರ್ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚಿರಬೇಕು. 2015ರಲ್ಲಿ ಆರಂಭವಾದ ಈ ವ್ಯವಸ್ಥೆಯಲ್ಲಿ ನೀಡಲಾಗುವ ದಾಖಲೆಗಳಿಗೆ ಕಾನೂನಿನಂತೆ ಮೂಲ ದಾಖಲೆಗಳ ಸಮಾನ ಮಾನ್ಯತೆ ಇದೆ. ಆರು ಅಂಕಿಗಳ ಭದ್ರತಾ ಪಿನ್ ಅನ್ನು ಅಂಗಡಿಯಲ್ಲಿ ಬಾಯಿಬಿಟ್ಟು ಹೇಳಿದ್ದರೆ ಅದನ್ನು ಬದಲಿಸಬೇಕು.

ದೂರದಿಂದ ನಿರ್ಗಮಿಸಿದರೂ ಉಳಿಯುವುದು ಏನು

ಖಾತೆಯಿಂದ ನಿರ್ಗಮಿಸಿದರೆ ಮುಂದಿನ ಪ್ರವೇಶ ನಿಲ್ಲುತ್ತದೆ. ಅದಕ್ಕೆ ಮೊದಲು ಆ ಯಂತ್ರಕ್ಕೆ ಇಳಿಸಿಕೊಂಡ ಕಡತಗಳು ಹಾಗೆಯೇ ಇರುತ್ತವೆ. ಆಧಾರ್, ಪಡಿತರ ಚೀಟಿ, ಪಹಣಿ, ಅಂಕಪಟ್ಟಿ ಮೊದಲಾದುವುಗಳ ಪ್ರತಿಗಳು ‘ಡೌನ್‌ಲೋಡ್ಸ್’ ಎಂಬ ಕೋಶದಲ್ಲಿ ಹಿಂದಿನ ಗಿರಾಕಿಗಳ ಪ್ರತಿಗಳೊಡನೆ ಸೇರಿಕೊಂಡಿರುತ್ತವೆ. ಅವುಗಳನ್ನು ದೂರದಿಂದ ಅಳಿಸುವ ದಾರಿ ಇಲ್ಲ. ಅಂಗಡಿಯಲ್ಲಿರುವಾಗಲೇ ಆ ಕೋಶವನ್ನು ತೆರೆಸಿ ತಮ್ಮ ಕಡತಗಳನ್ನು ಅಳಿಸಿ, ಕಸದ ಬುಟ್ಟಿಯಿಂದಲೂ ತೆಗೆಯುವಂತೆ ಕೇಳುವುದಕ್ಕೆ ಸಂಕೋಚಪಡಬೇಕಾಗಿಲ್ಲ. ಅಂಗಡಿಯವರು ಸ್ನೇಹಿತರೇ ಆಗಿದ್ದರೂ ಆ ಯಂತ್ರದ ಮುಂದೆ ದಿನಕ್ಕೆ ಹಲವರು ಕುಳಿತೇಳುತ್ತಾರೆ. ಆಧಾರ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳನ್ನಷ್ಟೇ ತೋರಿಸುವ ಮರೆಮಾಡಿದ ಪ್ರತಿಯನ್ನು ಪಡೆಯಲು ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿಯೇ ಅವಕಾಶವಿದ್ದು, ಪೂರ್ಣ ಸಂಖ್ಯೆ ಕಡ್ಡಾಯವಲ್ಲದ ಕಡೆ ಅದನ್ನೇ ಬಳಸಬಹುದು.

ಬೇರೆಯವರ ಗಣಕಯಂತ್ರದಲ್ಲಿ ಖಾತೆ ತೆರೆಯಲೇಬೇಕಾದಾಗ ಬ್ರೌಸರ್‌ನ ಖಾಸಗಿ ಕಿಟಕಿಯನ್ನು, ಅಂದರೆ ಇನ್‌ಕಾಗ್ನಿಟೋ ವಿಂಡೋವನ್ನು, ತೆರೆಸಿಕೊಂಡರೆ ಅಂತಹ ಕಿಟಕಿಗಳನ್ನೆಲ್ಲ ಮುಚ್ಚಿದಾಗ ಗುರುತು ಸಂಖ್ಯೆ ಆ ಯಂತ್ರದಲ್ಲಿ ಉಳಿಯುವುದಿಲ್ಲ. ಇಳಿಸಿಕೊಂಡ ಕಡತಗಳು ಆಗಲೂ ಉಳಿಯುತ್ತವೆ.

ಇ-ಮೇಲ್ ಖಾತೆಯನ್ನು ಅಂಗಡಿಯವರೇ ಮಾಡಿಕೊಟ್ಟಿದ್ದಲ್ಲಿ

ಕೀಪ್ಯಾಡ್ ಮೊಬೈಲ್ ಬಳಸುವ ಹಿರಿಯರು ಮತ್ತು ಕೂಲಿ ಕಾರ್ಮಿಕರ ವಿಷಯದಲ್ಲಿ ಇದು ಹೆಚ್ಚಾಗಿ ಕಂಡುಬರುತ್ತದೆ. ಅರ್ಜಿಗೆ ಇ-ಮೇಲ್ ಬೇಕೆಂದಾಗ ಅಂಗಡಿಯವರೇ ಒಂದನ್ನು ಸೃಷ್ಟಿಸಿ, ಖಾತೆ ಮರುಪಡೆಯುವ ಸಂಖ್ಯೆಯಾಗಿ ತಮ್ಮ ಮೊಬೈಲ್ ಸಂಖ್ಯೆಯನ್ನೇ ನಮೂದಿಸಿರುತ್ತಾರೆ. ಅರ್ಜಿದಾರರಿಗೆ ಆ ಇ-ಮೇಲ್ ವಿಳಾಸವೂ ತಿಳಿದಿರುವುದಿಲ್ಲ. ಇಲ್ಲಿ ನಿರ್ಗಮಿಸುವುದರಿಂದ ಹೆಚ್ಚಿನ ಫಲವಿಲ್ಲ. ಬೀಗದ ಕೈ ಇರುವುದೇ ಬೇರೆಯವರಲ್ಲಿ. ಮೊದಲು ವಿಳಾಸ ಮತ್ತು ಗುಪ್ತಪದವನ್ನು ಕೇಳಿ ಬರೆದುಕೊಳ್ಳಬೇಕು. ನಂತರ ಮಗನದೋ ಮಗಳದೋ ನಂಬಿಕಸ್ತ ಬಂಧುಗಳದೋ ಸ್ಮಾರ್ಟ್‌ಫೋನ್‌ನಲ್ಲಿ ಆ ಖಾತೆಯನ್ನು ತೆರೆದು, ಮರುಪಡೆಯುವ ಸಂಖ್ಯೆಯನ್ನು ತಮ್ಮ ಸಂಖ್ಯೆಗೆ ಬದಲಿಸಿ, ಗುಪ್ತಪದವನ್ನೂ ಬದಲಿಸಿ, ಕೊನೆಗೆ ಇತರ ಸಾಧನಗಳಿಂದ ನಿರ್ಗಮಿಸಬೇಕು. ಗೂಗಲ್ ಖಾತೆಯಲ್ಲಿ ಹೀಗೆ ಸಂಖ್ಯೆ ಬದಲಿಸಿದ ಬಳಿಕ 7 ದಿನಗಳವರೆಗೆ ಹಳೆಯ ಸಂಖ್ಯೆಗೂ ಪರಿಶೀಲನಾ ಸಂಕೇತ ಹೋಗುವ ಸಾಧ್ಯತೆ ಇರುವುದರಿಂದ, ಒಂದು ವಾರದ ನಂತರ ಸಾಧನಗಳ ಪಟ್ಟಿಯನ್ನು ಮತ್ತೊಮ್ಮೆ ನೋಡುವುದು ಅಗತ್ಯ.

ಅರ್ಜಿಯಲ್ಲಿಯೂ ಅಂಗಡಿಯವರ ಮೊಬೈಲ್ ಸಂಖ್ಯೆಯೇ ಇದ್ದರೆ, ಪ್ರಮಾಣಪತ್ರ ಸಿದ್ಧವಾದ ಸಂದೇಶವೂ, ಅರ್ಜಿ ತಿರಸ್ಕೃತವಾದ ಅಥವಾ ದಾಖಲೆ ಕೇಳಿದ ಸಂದೇಶವೂ ಅಲ್ಲಿಗೇ ಹೋಗುತ್ತವೆ. ಅರ್ಜಿ ಸಲ್ಲಿಸುವ ಮೊದಲು ಪರದೆಯ ಮೇಲೆ ಸಂಖ್ಯೆಯನ್ನು ಓದಿಸಿ ಕೇಳಿದರೆ ಸಾಕು.

ದುರುಪಯೋಗ ಕಂಡುಬಂದಲ್ಲಿ

ಬೇರೊಬ್ಬರ ಗುಪ್ತಪದ ಅಥವಾ ಇತರ ವಿಶಿಷ್ಟ ಗುರುತನ್ನು ವಂಚನೆಯಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ ಕಲಂ 66ಸಿ ಅಡಿಯಲ್ಲಿ ಅಪರಾಧವಾಗಿದ್ದು, ಮೂರು ವರ್ಷಗಳವರೆಗೆ ಕಾರಾವಾಸ ಮತ್ತು ಒಂದು ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿದೆ. ಗಣಕಯಂತ್ರದ ಮೂಲಕ ಬೇರೊಬ್ಬರಂತೆ ನಟಿಸಿ ವಂಚಿಸುವುದಕ್ಕೆ ಕಲಂ 66ಡಿ ಅನ್ವಯಿಸುತ್ತದೆ. ಸೈಬರ್ ಕೆಫೆಗಳಿಗೆ ಸಂಬಂಧಿಸಿದ 2011ರ ನಿಯಮಗಳಂತೆ ಕೆಫೆಯವರು ಬಳಕೆದಾರರ ಗುರುತನ್ನು ಪರಿಶೀಲಿಸಿ, ಬಳಕೆಯ ದಾಖಲೆಯನ್ನು ಕನಿಷ್ಠ ಒಂದು ವರ್ಷ ಇಟ್ಟುಕೊಳ್ಳತಕ್ಕದ್ದು. ಗುರುತಿನ ಚೀಟಿ ಕೇಳಿದರೆಂದು ಬೇಸರಪಡುವ ನಾಗರಿಕರು, ಮುಂದೊಂದು ದಿನ ತನಿಖೆಗೆ ಆ ವಹಿಯೇ ಆಧಾರವಾಗಬಹುದೆಂಬುದನ್ನು ಪರಿಗಣಿಸಬೇಕು.

ಹಣ ಕಳೆದುಹೋಗಿದ್ದರೆ ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಬೇಕು. ಹಣ ಇನ್ನೂ ವರ್ಗಾವಣೆಯ ದಾರಿಯಲ್ಲಿರುವಾಗಲೇ ತಡೆಹಿಡಿಸುವ ಸಾಧ್ಯತೆ ಇರುವುದರಿಂದ ಇಲ್ಲಿ ಗಂಟೆಗಳ ಲೆಕ್ಕ ಮುಖ್ಯ. ಹಣಕ್ಕೆ ಸಂಬಂಧಿಸದ ದೂರುಗಳನ್ನು ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ಅಥವಾ ಪೊಲೀಸ್ ಠಾಣೆಯಲ್ಲಿ ನೀಡಬಹುದು.

ಅಂಗಡಿ ಹೊಸಪೇಟೆಯಲ್ಲಿ, ಮನೆ ಸಂಡೂರಿನಲ್ಲಿ, ಎರಡೂ ಬೇರೆ ಜಿಲ್ಲೆ. ದೂರು ಎಲ್ಲಿ ಎಂಬ ಪ್ರಶ್ನೆ ಈ ಭಾಗದಲ್ಲಿ ಸಹಜವಾಗಿ ಏಳುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರಂತೆ, ಸಂಜ್ಞೇಯ ಅಪರಾಧದ ಮಾಹಿತಿಯನ್ನು ಅದು ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ಯಾವುದೇ ಠಾಣೆಯಲ್ಲಿ ನೀಡಬಹುದು. ಸಂಡೂರು, ಕಂಪ್ಲಿಯ ನಿವಾಸಿಗಳು ಇದಕ್ಕಾಗಿ ಹೊಸಪೇಟೆಯವರೆಗೆ ಬರಬೇಕಾಗಿಲ್ಲ.

ದೂರು ನೀಡುವಾಗ ಅಂಗಡಿಗೆ ಹೋದ ದಿನಾಂಕ ಮತ್ತು ವೇಳೆ, ಅರ್ಜಿಯ ಸ್ವೀಕೃತಿ ಪತ್ರ, ಮುದ್ರಣದ ಹಣ ಕೊಟ್ಟ ರಸೀದಿ ಇದ್ದರೆ ಅದು ಅಥವಾ ಯುಪಿಐ ಪಾವತಿಯ ವಿವರ, ಹಾಗೂ ಸಾಧನಗಳ ಪಟ್ಟಿಯ ಪರದೆಯ ಚಿತ್ರ ಉಪಯೋಗಕ್ಕೆ ಬರುತ್ತವೆ. ವಾಟ್ಸ್‌ಆಪ್‌ನಲ್ಲಿ ನಿರ್ಗಮಿಸಿದ ಕೂಡಲೇ ಆ ಯಂತ್ರದ ಹೆಸರು ಪಟ್ಟಿಯಿಂದ ಹೋಗುವುದರಿಂದ, ‘ಲಾಗ್‌ಔಟ್’ ಒತ್ತುವ ಮೊದಲೇ ಆ ಚಿತ್ರವನ್ನು ತೆಗೆದಿಟ್ಟುಕೊಳ್ಳಬೇಕು.